ಮೂಕಿ ಭಾರದ ಲೆಕ್ಕ

ಅಮೆರಿಕದಲ್ಲಿ ನೌಕರಿ ಬದಲಾಯಿಸಿ ಕ್ಯಾಲಿಫೋರ್ನಿಯಾದಿಂದ ಟೆಕ್ಸಾಸ್‌ಗೆ ಗಂಟುಮೂಟೆ ಕಟ್ಟುವ ಕನ್ನಡಿಗರ ಮನೆಗಳಲ್ಲಿ ಒಂದು ಪ್ರಶ್ನೆ ಏಳುವುದುಂಟು: ಮನೆಯ ಎರಡನೇ ಕಾರನ್ನು ಸಾಗಿಸುವುದು ಹೇಗೆ? ಅಷ್ಟರಲ್ಲಿ ಪರಿಚಯದವರ ಅಂಗಳದಲ್ಲಿ ನಿಂತ ಇಪ್ಪತ್ತೈದು ವರ್ಷದ ಪಿಕಪ್ ಟ್ರಕ್ ಕಣ್ಣಿಗೆ ಬೀಳುತ್ತದೆ. ಎಂಟು ಸಿಲಿಂಡರಿನ ಎಂಜಿನ್, ಆನೆಯಂಥ ಮೈ. ಬಾಡಿಗೆಗೆ ಟ್ರೈಲರ್ ತಂದು ಅದರ ಮೇಲೆ ಕಾರು ಹತ್ತಿಸಿ ಟ್ರಕ್ಕಿಗೆ ಸಿಕ್ಕಿಸಿದರೆ ಆಯಿತಲ್ಲ, ಅಷ್ಟು ಎಳೆಯುವ ಶಕ್ತಿ ಅದಕ್ಕಿಲ್ಲವೇ?

ಶಕ್ತಿಯೇನೋ ಇದೆ. ಆದರೆ ಮೊದಲು ಕೇಳಬೇಕಾದ ಪ್ರಶ್ನೆಯೇ ಬೇರೆ. ಟ್ರೈಲರ್ ಮೇಲೆ ಕಾರಿನ ಮೂತಿ ಯಾವ ಕಡೆಗಿರಬೇಕು?

ಬಾಡಿಗೆ ಟ್ರೈಲರ್ ಎಂದರೆ ಅಮೆರಿಕದವರ ಬಾಯಿಗೆ ಬರುವ ಹೆಸರು ಯು-ಹಾಲ್. 1945ರಲ್ಲಿ ವಾಷಿಂಗ್ಟನ್ ರಾಜ್ಯದ ರಿಜ್‌ಫೀಲ್ಡ್ ಎಂಬ ಊರಿನಲ್ಲಿ ಶೋಯೆನ್ ದಂಪತಿ ಹುಟ್ಟುಹಾಕಿದ ಕಂಪನಿ ಅದು. ಕಾರು ಹೊರುವ ಅದರ ನಾಲ್ಕು ಚಕ್ರದ ಟ್ರೈಲರ್ ಖಾಲಿ ಇದ್ದಾಗಲೇ ಸುಮಾರು ಒಂದು ಟನ್ ತೂಗುತ್ತದೆ. ಕಾರನ್ನು ಮೂತಿ ಮುಂದಾಗಿಯೇ ಹತ್ತಿಸಬೇಕು ಎಂಬುದು ಅಲ್ಲಿನ ನಿಯಮ. ಹಿಮ್ಮುಖವಾಗಿ ಹತ್ತಿಸಿದರೆ ಇಳಿಸುವಾಗ ಸಲೀಸು ಎಂದು ಯೋಚಿಸುವವರಿಗೆ ಈ ನಿಯಮ ಬರೀ ಶಿಸ್ತಿನಂತೆ ಕಾಣಬಹುದು. ಸಣ್ಣ ಲೆಕ್ಕವೊಂದನ್ನು ಮಾಡಿದರೆ ಅದರ ಮರ್ಮ ತಿಳಿಯುತ್ತದೆ.

ಟೊಯೊಟ ಕ್ಯಾಮ್ರಿಯಂಥ ಕಾರಿನ ತೂಕ ಸುಮಾರು 1,500 ಕೆ.ಜಿ. ಎಂಜಿನ್ ಮುಂದಿರುವುದರಿಂದ ಅದರಲ್ಲಿ ಶೇ. 60ರಷ್ಟು ಮುಂದಿನ ಚಕ್ರಗಳ ಮೇಲೇ ಕೂತಿರುತ್ತದೆ. ಅಂದರೆ ಕಾರಿನ ಗುರುತ್ವ ಕೇಂದ್ರ ನಟ್ಟನಡುವೆ ಇಲ್ಲ, ಒಂದು ಗೇಣಿಗಿಂತ ತುಸು ಹೆಚ್ಚು ಮುಂದಿದೆ. ಕಾರನ್ನು ತಿರುಗಿಸಿ ನಿಲ್ಲಿಸಿದರೆ ಆ ಕೇಂದ್ರ ಅರ್ಧ ಮೀಟರಿಗೂ ಮಿಕ್ಕಿ ಹಿಂದಕ್ಕೆ ಹೋಗುತ್ತದೆ. ಟ್ರೈಲರ್‌ನ ಅಚ್ಚಿನಿಂದ ಕೊಂಡಿಗೆ ನಾಲ್ಕು ಮೀಟರ್ ದೂರವಿದೆ ಎಂದುಕೊಂಡರೆ, ಕೊಂಡಿಯ ಮೇಲೆ ಒತ್ತುತ್ತಿದ್ದ ಭಾರದಲ್ಲಿ ಸುಮಾರು 200 ಕೆ.ಜಿ. ಒಮ್ಮೆಲೇ ಮಾಯ! ಕಾರು ಅದೇ, ಟ್ರೈಲರ್ ಅದೇ, ಒಟ್ಟು ತೂಕವೂ ಅಷ್ಟೇ. ಆದರೆ ಒಂದು ಸುರಕ್ಷಿತವಾಗಿ ಊರು ಸೇರುತ್ತದೆ, ಇನ್ನೊಂದು ಹೆದ್ದಾರಿಯಲ್ಲಿ ಹಾವಿನಂತೆ ಹೊರಳತೊಡಗುತ್ತದೆ.

ಎತ್ತಿನಗಾಡಿ ಹೂಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಾಡಿಗೆ ಮೂಟೆ ಹೇರುವಾಗ ಅನುಭವಸ್ಥ ರೈತ ಮೂಕಿಯನ್ನು ಒಮ್ಮೆ ಕೈಯಲ್ಲಿ ಎತ್ತಿ ನೋಡುತ್ತಾನೆ. ಹೇರು ಹಿಂದಾದರೆ ಮೂಕಿ ಮೇಲೇಳುತ್ತದೆ; ನೊಗ ಹೆಗಲು ಬಿಟ್ಟು ಜತ್ತಿಗೆ ಎತ್ತಿನ ಕೊರಳನ್ನು ಬಿಗಿಯುತ್ತದೆ. ಹೇರು ತೀರ ಮುಂದಾದರೆ ನೊಗದಡಿಯ ಹೆಗಲು ಹುಣ್ಣಾಗುತ್ತದೆ. ಬೆಂಗಳೂರಿನ ಐಐಎಂ ಸಂಸ್ಥೆಯ ಸ್ಥಾಪಕ ನಿರ್ದೇಶಕ ಎನ್.ಎಸ್. ರಾಮಸ್ವಾಮಿ ಎತ್ತಿನಗಾಡಿಯ ಸುಧಾರಣೆಗಾಗಿ ದಶಕಗಳ ಕಾಲ ದುಡಿದರು. ಎತ್ತಿನ ಕೊರಳ ಮೇಲೆ ಬೀಳುವ ಈ ಭಾರ ಅವರನ್ನು ಕಾಡಿದ ಸಂಗತಿಗಳಲ್ಲೊಂದು. ಮ್ಯಾನೇಜ್‌ಮೆಂಟ್ ಶಿಕ್ಷಣ ಸಂಸ್ಥೆ ಕಟ್ಟಿದವರೊಬ್ಬರು ನೊಗದ ಕಡೆ ಕಣ್ಣು ಹಾಯಿಸಿದ್ದು ನಮ್ಮ ನಾಡಿನ ಹೆಮ್ಮೆ.

ಟ್ರೈಲರ್‌ಗೂ ಒಂದು ಮೂಕಿಯಿದೆ. ಅದರ ತುದಿಯ ಬಟ್ಟಲು ಟ್ರಕ್ಕಿನ ಹಿಂದಿರುವ ಉಕ್ಕಿನ ಗುಂಡಿನ ಮೇಲೆ ಕೂರುತ್ತದೆ. ಟ್ರೈಲರ್‌ನ ಒಟ್ಟು ತೂಕದಲ್ಲಿ ಶೇ. 10ರಿಂದ 15ರಷ್ಟು ಆ ಗುಂಡಿನ ಮೇಲೆ ಒತ್ತಬೇಕೆಂಬುದು ಅಮೆರಿಕದಲ್ಲಿ ಎಲ್ಲರೂ ಒಪ್ಪಿದ ಲೆಕ್ಕ. ಕಾರೂ ಟ್ರೈಲರೂ ಸೇರಿ 2,500 ಕೆ.ಜಿ. ಆದರೆ ಮೂಕಿ ಭಾರ 250ರಿಂದ 375 ಕೆ.ಜಿ. ಇರಬೇಕು.

ಇಲ್ಲೇ ದೊಡ್ಡ ತಪ್ಪು ತಿಳಿವಳಿಕೆಯೊಂದು ಹುಟ್ಟಿಕೊಳ್ಳುತ್ತದೆ. ಹಳೆಯ ಟ್ರಕ್ಕಿನ ಸ್ಪ್ರಿಂಗ್ ಪಟ್ಟಿಗಳು ಸವೆದು ಸೋತಿರುತ್ತವೆ. 300 ಕೆ.ಜಿ. ಬಿದ್ದ ಕೂಡಲೇ ಅದರ ಹಿಂಭಾಗ ಕುಸಿದು ಮೂತಿ ಆಕಾಶ ನೋಡುತ್ತದೆ. ಕೊಂಡಿ ಹಿಂದಿನ ಅಚ್ಚಿಗಿಂತಲೂ ಹಿಂದಿರುವುದರಿಂದ ಹೀಗೆ. ಚಕ್ರಗಳ ನಡುವೆ ಮೂರೂವರೆ ಮೀಟರ್ ಅಂತರವಿರುವ ಟ್ರಕ್ಕಿನ ಹಿಂದೆ, ಅಚ್ಚಿನಿಂದ 1.2 ಮೀಟರ್ ಆಚೆ 300 ಕೆ.ಜಿ. ಕೂತರೆ ಮುಂಚಕ್ರಗಳ ಮೇಲಿನ ಭಾರ 100 ಕೆ.ಜಿ.ಯಷ್ಟು ಇಳಿಯುತ್ತದೆ, ಹಿಂಚಕ್ರಗಳಿಗೆ 400 ಕೆ.ಜಿ. ಏರುತ್ತದೆ. ಮಂಡ್ಯದ ಕಡೆ ಕಬ್ಬಿನ ಟ್ರೈಲರ್ ಎಳೆಯುತ್ತ ಮುಂಚಕ್ರ ಎತ್ತಿದ ಟ್ರ್ಯಾಕ್ಟರ್ ನೋಡಿದವರಿಗೆ ಇದರ ಹೆಚ್ಚಿನ ರೂಪ ಗೊತ್ತು. ಟ್ರಕ್ಕಿನ ಕುಸಿದ ಬೆನ್ನು ನೋಡಿ ಮರುಗಿದವರು ಏನು ಮಾಡುತ್ತಾರೆ? ಟ್ರೈಲರ್ ಮೇಲಿನ ಕಾರನ್ನು ತುಸು ಹಿಂದಕ್ಕೆ ಸರಿಸುತ್ತಾರೆ. ಟ್ರಕ್ ಮತ್ತೆ ನೆಟ್ಟಗಾಗುತ್ತದೆ, ನೋಡಲು ಚೆಂದವಾಗಿ ಕಾಣುತ್ತದೆ. ಕಣ್ಣಿಗೆ ಸರಿ ಕಂಡ ಆ ಗಳಿಗೆಯಲ್ಲೇ ಅಪಾಯ ಸಿದ್ಧವಾಗಿರುತ್ತದೆ. ಕುಸಿತಕ್ಕೆ ಮದ್ದು ಬೇರೆ ಇದೆ: ಸ್ಪ್ರಿಂಗ್ ಬದಲಾಯಿಸಬೇಕು, ಇಲ್ಲವೇ ಭಾರವನ್ನು ಮುಂದಿನ ಅಚ್ಚಿಗೂ ಹಂಚುವ ಸರಳುಗಳಿರುವ ಕೊಂಡಿ ಹಾಕಿಸಬೇಕು. ಮೂಕಿ ಭಾರ ಕಡಿಮೆ ಮಾಡುವುದು ಮದ್ದಲ್ಲ.

ಹಿಂಭಾರದ ಟ್ರೈಲರ್ ಏಕೆ ಹೊರಳುತ್ತದೆ ಎಂಬುದು ಈ ಇಡೀ ವಿಷಯದ ರಸಭಾಗ. ಪಕ್ಕದಲ್ಲಿ ದೊಡ್ಡ ಲಾರಿಯೊಂದು ಹಾದುಹೋಯಿತು ಎನ್ನಿ. ಅದರ ಗಾಳಿಗೆ ಟ್ರೈಲರ್‌ನ ಬಾಲ ಎಡಕ್ಕೆ ತುಸು ಸರಿಯುತ್ತದೆ. ಟೈರುಗಳು ಅದನ್ನು ಮರಳಿ ಸಾಲಿಗೆ ಎಳೆಯುತ್ತವೆ. ಆದರೆ ಸಾಲಿಗೆ ಬಂದ ಟ್ರೈಲರ್ ಅಲ್ಲೇ ನಿಲ್ಲದೆ, ಓಟದ ಭರದಲ್ಲಿ ಬಲಕ್ಕೆ ಹೋಗುತ್ತದೆ. ಮತ್ತೆ ಎಡಕ್ಕೆ. ಲೋಲಕದಂತೆಯೇ, ಆದರೆ ಮಲಗಿಸಿದ ಲೋಲಕ. ನಿಧಾನವಾಗಿ ಹೋಗುತ್ತಿದ್ದರೆ ಟೈರಿನ ಹಿಡಿತ ಪ್ರತಿ ಓಲಾಟವನ್ನೂ ಕುಗ್ಗಿಸುತ್ತದೆ; ಎರಡು ಮೂರು ಸಲ ತೂಗಿ ಸುಮ್ಮನಾಗುತ್ತದೆ. ವೇಗ ಏರಿದಂತೆ ಈ ಕುಗ್ಗಿಸುವ ಗುಣ ಸೋರಿಹೋಗುತ್ತದೆ. ಕಾರಣ ಸೊಗಸಾಗಿದೆ. ಟೈರು ಪಕ್ಕಕ್ಕೆ ಎಷ್ಟು ಬಲದಿಂದ ಪ್ರತಿರೋಧಿಸುತ್ತದೆ ಎನ್ನುವುದು ಅದು ಎಷ್ಟು ಓರೆಯಾಗಿ ಉರುಳುತ್ತಿದೆ ಎಂಬುದನ್ನು ಅವಲಂಬಿಸಿದೆ. ಪಕ್ಕಕ್ಕೆ ಜಾರುವ ವೇಗ ಅಷ್ಟೇ ಇದ್ದು ಮುಂದಕ್ಕೋಡುವ ವೇಗ ಎರಡರಷ್ಟಾದರೆ ಆ ಓರೆ ಅರ್ಧಕ್ಕಿಳಿಯುತ್ತದೆ, ಪ್ರತಿರೋಧವೂ ಅರ್ಧಕ್ಕೆ. ಹೀಗೆ ಒಂದು ವೇಗ ಬರುತ್ತದೆ. ಅದನ್ನು ದಾಟಿದರೆ ಓಲಾಟ ಕುಗ್ಗುವ ಬದಲು ತಾನಾಗಿ ಹಿಗ್ಗುತ್ತದೆ. ಅದಕ್ಕೆ ಬೇಕಾದ ಶಕ್ತಿ ಗಾಳಿಯಿಂದ ಬರುವುದಲ್ಲ, ಗಾಡಿಯ ಮುನ್ನುಗ್ಗುವ ಓಟದಿಂದಲೇ ಬರುತ್ತದೆ. ಭಾರ ಹಿಂದಿದ್ದಷ್ಟೂ ಆ ಗಡಿವೇಗ ಕೆಳಗಿಳಿಯುತ್ತದೆ.

ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದಲ್ಲಿ ಜೋಸ್ ಡಾರ್ಲಿಂಗ್ ಮತ್ತು ಸಂಗಡಿಗರು ತೂಕಗಳನ್ನೂ ಅಚ್ಚನ್ನೂ ಅತ್ತಿತ್ತ ಸರಿಸಬಹುದಾದ ಟ್ರೈಲರ್ ಕಟ್ಟಿ ಇದನ್ನೇ ಪರೀಕ್ಷಿಸಿದರು. 2009ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಲ್ಲಿ ಎದ್ದು ಕಂಡವು ಮೂರು: ಮೂಕಿ ಭಾರ, ಅಚ್ಚಿನ ಜಾಗ ಮತ್ತು ತೂಕ ಹೇಗೆ ಹರಡಿದೆ ಎಂಬುದು. ಭಾರವಾದ ಪೆಟ್ಟಿಗೆಗಳನ್ನು ಟ್ರೈಲರ್‌ನ ಎರಡು ತುದಿಗೆ ಇಟ್ಟರೆ ತಕ್ಕಡಿ ಸಮವಾಗಿಯೇ ಕಾಣಬಹುದು. ಆದರೆ ಒಮ್ಮೆ ತಿರುಗಲು ಶುರುವಾದರೆ ಅದನ್ನು ತಡೆಯುವುದು ಕಷ್ಟ.

ಓಲಾಟ ಶುರುವಾದಾಗ ಚಾಲಕನ ಕೈಯೇ ಮೊದಲ ಶತ್ರು. ಟ್ರೈಲರ್ ಎಡದಿಂದ ಬಲಕ್ಕೆ ಹೋಗಿ ಬರಲು ಒಂದೆರಡು ಸೆಕೆಂಡ್ ಸಾಕು. ಕನ್ನಡಿಯಲ್ಲಿ ನೋಡಿ, ಗಾಬರಿಯಾಗಿ, ಸ್ಟಿಯರಿಂಗ್ ತಿರುಗಿಸುವ ಹೊತ್ತಿಗೆ ಅದು ಆಗಲೇ ಮರಳಿ ಬರುತ್ತಿರುತ್ತದೆ. ಉಯ್ಯಾಲೆಯನ್ನು ಸರಿಯಾದ ಕ್ಷಣಕ್ಕೆ ಜೀಕಿದ ಹಾಗೆ, ಚಾಲಕನೇ ಪ್ರತಿ ಸಲ ಅದಕ್ಕೆ ಬಲ ತುಂಬುತ್ತಾನೆ. ಅದಕ್ಕೆ ಯು-ಹಾಲ್ ಹೇಳುವ ಉಪಾಯ ಸರಳ: ಸ್ಟಿಯರಿಂಗ್ ನೇರ ಹಿಡಿಯಿರಿ, ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಬ್ರೇಕ್ ತುಳಿಯಬೇಡಿ. ವೇಗ ತಾನಾಗಿ ಇಳಿಯಲಿ. ವಿದ್ಯುತ್ ಬ್ರೇಕ್ ಇರುವ ಟ್ರೈಲರ್ ಆದರೆ, ಟ್ರಕ್ಕಿನೊಳಗಿನ ಸನ್ನೆಯಿಂದ ಟ್ರೈಲರ್‌ನ ಬ್ರೇಕನ್ನು ಮಾತ್ರ ಮೆಲ್ಲಗೆ ಒತ್ತಬಹುದು. ಆಗ ಹಿಂದಿನಿಂದ ಜಗ್ಗಿದ ಹಗ್ಗದಂತೆ ಟ್ರೈಲರ್ ನೆಟ್ಟಗಾಗುತ್ತದೆ.

“ವೇಗ ಹೆಚ್ಚಿಸಿದರೆ ಟ್ರೈಲರ್ ತಾನಾಗಿ ನೇರವಾಗುತ್ತದೆ” ಎಂಬ ಮಾತು ಅಮೆರಿಕದ ಚಾಲಕರಲ್ಲಿ ಇನ್ನೂ ಓಡಾಡುತ್ತಿದೆ. ಇದು ಮೂಢನಂಬಿಕೆ, ಅದೂ ಜೀವ ತೆಗೆಯುವಂಥದ್ದು. ಗಡಿವೇಗ ದಾಟಿದ್ದರಿಂದ ಬಂದ ರೋಗಕ್ಕೆ ಇನ್ನಷ್ಟು ವೇಗ ಔಷಧಿಯಾಗದು. ನಮ್ಮವರು ಹೊರಡುವ ಮುನ್ನ ಚಕ್ರದಡಿ ನಿಂಬೆಹಣ್ಣು ಇಟ್ಟು ಹೊಸಕುವುದೂ ಇದೇ ಸಾಲಿಗೆ ಸೇರುತ್ತದೆ. ನಿಂಬೆಹಣ್ಣು ಇಡಲು ಬಗ್ಗಿದವರು ಆ ಟೈರಿನ ಗಾಳಿಯನ್ನು ನೋಡದೆ ಎದ್ದು ಬಿಡುವುದನ್ನು ಕಂಡಾಗ ಸಿಟ್ಟು ಬರುತ್ತದೆ. ಗಾಳಿ ಕಡಿಮೆಯಾದ ಹಿಂಟೈರುಗಳು ಓಲಾಟಕ್ಕೆ ನೇರ ಆಹ್ವಾನ.

ಹಳೆಯ ಟ್ರಕ್ ಎಂಬುದು ಇಲ್ಲಿ ಏಕೆ ಮುಖ್ಯ? ಇಂದಿನ ಟ್ರಕ್ಕುಗಳಲ್ಲಿ ಟ್ರೈಲರ್ ಓಲುವುದನ್ನು ಸೆನ್ಸರ್ ಗುರುತಿಸಿ, ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ಲಯ ಮುರಿಯುತ್ತದೆ. ಫೋರ್ಡ್ ಎಫ್-150ಗೆ ಈ ವ್ಯವಸ್ಥೆ ಬಂದದ್ದು 2009ರ ಮಾದರಿಯಲ್ಲಿ. ಅದಕ್ಕಿಂತ ಹಳೆಯದರಲ್ಲಿ ಚಾಲಕನೇ ಗತಿ.

ಇನ್ನೊಂದು ವ್ಯತ್ಯಾಸ ಕಾಗದದ ಮೇಲಿನದು. ‘ಇಷ್ಟು ತೂಕ ಎಳೆಯಬಲ್ಲದು’ ಎಂಬ ಅಂಕಿಯನ್ನು ಹಿಂದೆ ಪ್ರತಿ ಕಂಪನಿಯೂ ತನ್ನದೇ ಪರೀಕ್ಷೆಯಿಂದ ಬರೆದುಕೊಳ್ಳುತ್ತಿತ್ತು. ಎಂಜಿನಿಯರುಗಳ ಸಂಘಟನೆಯಾದ ಎಸ್‌ಎಇ 2008ರಲ್ಲಿ ಜೆ2807 ಎಂಬ ಸಮಾನ ಮಾನದಂಡ ತಂದಿತು. ಅದರ ಅಗ್ನಿಪರೀಕ್ಷೆ ನಡೆಯುವುದು ಅರಿಜೋನಾದ ಡೇವಿಸ್ ಅಣೆಕಟ್ಟೆ ಬಳಿಯ ಏರಿನಲ್ಲಿ. ಸುಮಾರು 18 ಕಿ.ಮೀ. ಉದ್ದ, 900 ಮೀಟರಿನಷ್ಟು ಎತ್ತರ, 38 ಡಿಗ್ರಿ ಸೆಲ್ಸಿಯಸ್ ಬಿಸಿಲು, ಏಸಿ ಪೂರ್ತಿ ಚಾಲೂ. ಆದರೂ ಟ್ರಕ್ ಗಂಟೆಗೆ 40 ಮೈಲಿಗಿಂತ ಕೆಳಗಿಳಿಯಕೂಡದು. ಈ ಮಾನದಂಡವನ್ನು ಮೊದಲು ಒಪ್ಪಿದ ಟೊಯೊಟ ತನ್ನ 2011ರ ಟುಂಡ್ರಾ ಪಿಕಪ್‌ನ ಅಂಕಿಯನ್ನು ನೂರಾರು ಪೌಂಡ್ ಇಳಿಸಬೇಕಾಯಿತು. ಟ್ರಕ್ ಬದಲಾಗಿರಲಿಲ್ಲ, ಅಳತೆಗೋಲು ಬದಲಾಗಿತ್ತು. ಆದ್ದರಿಂದ 1990ರ ದಶಕದ ಟ್ರಕ್ಕಿನ ಕೈಪಿಡಿಯಲ್ಲಿರುವ ಅಂಕಿಯನ್ನು ವೇದವಾಕ್ಯ ಎನ್ನಬೇಡಿ. ಆ ಅಂಕಿ ಹೊಸ ಬ್ರೇಕ್, ಹೊಸ ಸ್ಪ್ರಿಂಗ್, ತುಕ್ಕಿಲ್ಲದ ಚಾಸಿಗೆ ಕೊಟ್ಟದ್ದು. ಮಿಶಿಗನ್, ಒಹಾಯೊ ಕಡೆ ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪು ಇಪ್ಪತ್ತು ವರ್ಷದಲ್ಲಿ ಚಾಸಿಯನ್ನು ಎಷ್ಟು ತಿಂದಿದೆ ಎಂಬುದು ಕೈಪಿಡಿಗೆ ತಿಳಿಯದು. ಟ್ರಕ್ಕಿನ ಅಡಿ ತೂರಿ, ಕೊಂಡಿ ಕೂಡುವ ಜಾಗಕ್ಕೆ ಸುತ್ತಿಗೆಯಿಂದ ತಟ್ಟಿ ನೋಡಬೇಕು.

ಎಳೆಯುವಾಗ ಹಳೆಯ ಟ್ರಕ್ ಸಾಮಾನ್ಯವಾಗಿ ಎಂಜಿನ್ ಕೆಟ್ಟು ನಿಲ್ಲುವುದಿಲ್ಲ. ಗೇರ್‌ಬಾಕ್ಸ್‌ನ ಎಣ್ಣೆ ಕುದಿದು ನಿಲ್ಲುತ್ತದೆ. ಏರಿನಲ್ಲಿ ಓವರ್‌ಡ್ರೈವ್ ಗೇರಿನಲ್ಲೇ ಬಿಟ್ಟರೆ ಅದು ಮೇಲೆ ಕೆಳಗೆ ಬದಲಾಗುತ್ತಲೇ ಇರುತ್ತದೆ. ಒಳಗಿನ ಟಾರ್ಕ್ ಕನ್ವರ್ಟರ್ ಜಾರಿ ಶಾಖ ಕಾರುತ್ತದೆ. ಗೇರಿನ ಹಿಡಿಯ ಮೇಲಿರುವ ‘ಓ/ಡಿ’ ಎಂಬ ಪುಟ್ಟ ಗುಂಡಿ ಇರುವುದು ಇದಕ್ಕೇ. ಇಳಿಜಾರಿನಲ್ಲಿ ಶಾಖ ಬ್ರೇಕಿನ ಪಾಲಾಗುತ್ತದೆ. ಒಟ್ಟು 4,800 ಕೆ.ಜಿ.ಯ ಜೋಡಿ 900 ಮೀಟರ್ ಇಳಿದರೆ ಬಿಡುಗಡೆಯಾಗುವ ಶಕ್ತಿ ಹದಿನಾರು ಲೀಟರ್ ನೀರನ್ನು ಪೂರ್ತಿ ಆವಿಯಾಗಿಸಬಲ್ಲದು. ಗಾಳಿಯ ತಡೆ ಒಂದು ಪಾಲು ಹೊತ್ತುಕೊಳ್ಳುತ್ತದೆ. ಉಳಿದುದನ್ನು ಕೆಳಗಿನ ಗೇರಿಗೆ ಹೊರಿಸಬೇಕು, ಬ್ರೇಕಿಗಲ್ಲ.

ಇಷ್ಟೆಲ್ಲ ಓದಿದವರು ಹೊರಡುವ ದಿನ ಒಂದು ಕೆಲಸ ಮಾಡಲಿ. ಅಮೆರಿಕದ ಹೆದ್ದಾರಿ ಬದಿಯ ಟ್ರಕ್ ನಿಲ್ದಾಣಗಳಲ್ಲಿ ‘ಕ್ಯಾಟ್ ಸ್ಕೇಲ್’ ಎಂಬ ತೂಕದ ಕಟ್ಟೆಗಳಿವೆ. ಪ್ರತಿ ಅಚ್ಚಿನ ತೂಕವನ್ನೂ ಬೇರೆಬೇರೆಯಾಗಿ ಬರೆದ ಚೀಟಿ ಕೊಡುತ್ತಾರೆ. ಮೊದಲು ಟ್ರಕ್ಕನ್ನು ಒಂಟಿಯಾಗಿ ತೂಗಿಸಿ. ಆಮೇಲೆ ಕಾರು ಹೊತ್ತ ಟ್ರೈಲರ್ ಸಿಕ್ಕಿಸಿಕೊಂಡು ಬಂದು ಮತ್ತೆ ತೂಗಿಸಿ. ಎರಡನೇ ಚೀಟಿಯಲ್ಲಿ ಟ್ರಕ್ಕಿನ ಎರಡು ಅಚ್ಚುಗಳ ಮೇಲೆ ಹೆಚ್ಚಾದ ತೂಕವೇ ನಿಮ್ಮ ಮೂಕಿ ಭಾರ. ಅದು ಟ್ರೈಲರ್ ತೂಕದ ಶೇ. 10ಕ್ಕಿಂತ ಕಡಿಮೆ ಬಂದರೆ, ಎಷ್ಟೇ ಅವಸರವಿದ್ದರೂ ಪಟ್ಟಿ ಬಿಚ್ಚಿ ಕಾರನ್ನು ಮುಂದಕ್ಕೆ ಸರಿಸಿ.