ಶಿಶುಗಳ ಪ್ರಥಮಾಹಾರ: ಕುಮಟಾ, ಹೊನ್ನಾವರ, ಭಟ್ಕಳ ಸೀಮೆಯ ಪದ್ಧತಿ

ಅನ್ನಪ್ರಾಶನವು ಆರನೆಯ ತಿಂಗಳಲ್ಲಿ ನಡೆಯತಕ್ಕದ್ದೆಂದು ಆಶ್ವಲಾಯನ ಗೃಹ್ಯಸೂತ್ರವು ವಿಧಿಸುತ್ತದೆ. ಸುಶ್ರುತನೂ ಅದೇ ತಿಂಗಳಿಗೆ ಲಘುವೂ ಹಿತವೂ ಆದ ಅನ್ನವನ್ನು ಹೇಳಿರುವನು. ಕಾಶ್ಯಪಸಂಹಿತೆಯ ಮತವು ಕೊಂಚ ಭಿನ್ನ: ಆರನೆಯದರಲ್ಲಿ ಫಲಪ್ರಾಶನ, ಹತ್ತನೆಯದರಲ್ಲಿ ಅನ್ನಪ್ರಾಶನ. ಮೊದಲ ಆರು ತಿಂಗಳು ತಾಯಿಯ ಹಾಲೊಂದೇ ಸಾಕೆಂದೂ, ಆಮೇಲೆ ಹಾಲನ್ನು ಬಿಡಿಸದೆ ಇತರ ಆಹಾರವನ್ನು ಕೂಡಿಸಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2001ರಿಂದ ಸಾರುತ್ತಿದೆ.

ಸುಶ್ರುತನ ‘ಲಘು’ ಶಬ್ದಕ್ಕೆ ಈ ಕರಾವಳಿಯ ಅಡಿಗೆಮನೆಯು ಬರೆದ ವ್ಯಾಖ್ಯಾನವೇ ಮಣ್ಣಿ. ರಾಗಿಯನ್ನು ನೆನೆಸಿ, ಅರೆದು, ಬಟ್ಟೆಯಲ್ಲಿ ಸೋಸಿ, ಆ ಹಾಲನ್ನು ಒಲೆಯ ಮೇಲೆ ಗಟ್ಟಿಯಾಗುವವರೆಗೆ ಮಗುಚುವರು. ಕೆಲವೆಡೆ ಒಣಗಿಸಿದ ಬಾಳೆಕಾಯಿಯ ಹಿಟ್ಟಿನಿಂದಲೂ ಮಾಡುವುದುಂಟು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದೆ. ಬೆಳ್ತಿಗೆ ಅಕ್ಕಿಯಲ್ಲಿ ಹತ್ತರ ಆಸುಪಾಸು ಮಾತ್ರ. ಸೇರಿಸುವ ಬೆಲ್ಲವನ್ನು ಎರಡು ವರ್ಷದವರೆಗೆ ಬಿಡುವುದೇ ಲೇಸು.

ಆದರೆ ಹೆಚ್ಚು ವಿಚಾರಾರ್ಹವಾದುದು ಕುಚ್ಚಲಕ್ಕಿಯ ಗಂಜಿ. ಭತ್ತವನ್ನು ಹೊಟ್ಟಿನೊಡನೆಯೇ ಬೇಯಿಸುವಾಗ ತೌಡಿನಲ್ಲಿರುವ ಥಯಾಮಿನ್ ಎಂಬ ಜೀವಸತ್ವವು ಕಾಳಿನೊಳಕ್ಕೆ ಇಳಿಯುತ್ತದೆ. ಬಳಿಕ ಪಾಲಿಶ್ ಮಾಡಿದರೂ ಅದು ಪೂರ್ತಿ ಹೋಗದು. ಗಂಜಿಯನ್ನು ತಿಳಿಯೊಡನೆ ಉಣ್ಣುವುದರಿಂದ, ಬಸಿದ ನೀರಿನಲ್ಲಿ ನಷ್ಟವಾಗುವ ಪಾಲೂ ಉಳಿಯುತ್ತದೆ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಯಂತ್ರದ ಬಿಳಿಯ ಅಕ್ಕಿಯನ್ನುಣ್ಣುತ್ತಿದ್ದ ತೆಲುಗು ಕರಾವಳಿಯ ಉತ್ತರ ಸರ್ಕಾರು ಜಿಲ್ಲೆಗಳಲ್ಲಿ ಬೆರಿಬೆರಿ ರೋಗವು ನೆಲೆಯೂರಿತ್ತು. ಕುಚ್ಚಲಕ್ಕಿಯನ್ನುಣ್ಣುವ ಸೀಮೆಗಳಲ್ಲಿ ಅದು ವಿರಳವಾಗಿತ್ತು. ಬಾಣಂತಿಯ ಊಟದಲ್ಲಿ ಈ ಸತ್ವವು ಕುಂದಿದರೆ ಎದೆಹಾಲಿನಲ್ಲಿಯೂ ಕುಂದಿ, ಮೊಲೆಯುಣ್ಣುವ ಕೂಸಿಗೇ ಬೆರಿಬೆರಿ ತಗಲಿ ಪ್ರಾಣಕ್ಕೆ ಸಂಚಕಾರವಾಗುವುದುಂಟು. ಆದುದರಿಂದ ಶಿಶುವಿನ ಪೋಷಣೆಯ ವಿಚಾರವು ಅನ್ನಪ್ರಾಶನದ ದಿನದಿಂದಲ್ಲ, ತಾಯಿಯ ಗಂಜಿಯ ಬಟ್ಟಲಿನಿಂದಲೇ ಆರಂಭವಾಗತಕ್ಕದ್ದು. ಕುಮಟಾ ತಾಲ್ಲೂಕಿನ ಅಘನಾಶಿನಿಯ ಗಜನಿಗಳಲ್ಲಿ ಉಪ್ಪುನೀರನ್ನು ತಾಳಿ ಬೆಳೆಯುವ ಕಗ್ಗವೆಂಬ ಕೆಂಪು ಭತ್ತದ ಕೃಷಿಯು ಕ್ಷೀಣಿಸಿರುವುದು ಈ ದೃಷ್ಟಿಯಿಂದಲೂ ಶೋಚನೀಯ.

ಹಾಗೆಂದು ಗಂಜಿಯ ತಿಳಿಯೊಂದನ್ನೇ ಕುಡಿಸಿದರೆ ಮಗುವಿನ ಹೊಟ್ಟೆ ತುಂಬೀತೇ ಹೊರತು ಮೈ ತುಂಬದು. ಅಗುಳನ್ನು ನುರಿದು ತುಪ್ಪ, ಹೆಸರುಬೇಳೆಗಳನ್ನು ಕೂಡಿಸಬೇಕು; ಮೀನುಣ್ಣುವ ಮನೆಗಳಲ್ಲಿ ಮುಳ್ಳು ಬಿಡಿಸಿದ ಮೀನು ಸುಲಭಸಾಧ್ಯ. (ಗೃಹ್ಯಸೂತ್ರವು ಅನ್ನಪ್ರಾಶನದಲ್ಲಿ ಮಾಂಸವನ್ನೂ ಹೇಳಿರುವುದನ್ನು ಶಾಸ್ತ್ರಾಭಿಮಾನಿಗಳು ಅನೇಕವೇಳೆ ಮರೆಯುತ್ತಾರೆ.)

ಅದೇ ಸೂತ್ರದಲ್ಲಿ ಮೊಸರು, ಜೇನು, ತುಪ್ಪಗಳನ್ನು ಬೆರೆಸಿದ ಅನ್ನವೂ ಉಕ್ತವಾಗಿದೆ. ಇಲ್ಲಿ ಮಾತ್ರ ಸೂತ್ರವನ್ನು ಯಥಾವತ್ತಾಗಿ ಅನುಸರಿಸಲಾಗದು. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ಸೂಕ್ಷ್ಮಾಣುವಿನ ಬೀಜಕಗಳು ಎಳೆಗರುಳಿನಲ್ಲಿ ಮೊಳೆತು ವಿಷವನ್ನು ಹುಟ್ಟಿಸಿ ಸ್ನಾಯುಗಳನ್ನು ನಿಶ್ಚೇಷ್ಟಗೊಳಿಸುವುವೆಂಬುದು 1976ರಿಂದೀಚೆಗೆ ಗೊತ್ತಾದ ಸಂಗತಿ. ಒಂದು ವರ್ಷ ತುಂಬುವ ಮುನ್ನ ಜೇನು ವರ್ಜ್ಯ. ಪ್ರಾಶನಕ್ಕೆ ಮೊಸರೂ ತುಪ್ಪವೂ ಇದ್ದೇ ಇವೆ.