ಕರಿಬೇವಿನ ಎಲೆ ತಿಂದವರು ಯಾರು?

ಮಕ್ಕಳೇ, ನಿಮ್ಮ ಮನೆಯ ಹಿತ್ತಲಲ್ಲಿ ಕರಿಬೇವಿನ ಗಿಡ ಇದೆಯೇ? ಹಿತ್ತಲು ಇಲ್ಲದ ಮನೆಯಲ್ಲೂ ಒಡೆದ ಬಕೆಟ್‌ನಲ್ಲೋ, ಬಚ್ಚಲ ನೀರು ಹರಿಯುವ ಕಡೆಯಲ್ಲೋ ಒಂದು ಗಿಡ ಇರುವುದುಂಟು. ಒಗ್ಗರಣೆಗೆ ನಾಲ್ಕು ಎಲೆ ತರಲು ಅಮ್ಮ ಕಳುಹಿಸಿದಾಗ ಅದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಕೆಲವು ಎಲೆಗಳ ಅಂಚನ್ನು ಯಾರೋ ಕತ್ತರಿಯಿಂದ ಕತ್ತರಿಸಿದಂತೆ ಕಾಣುತ್ತದೆ. ಕೆಲವು ಕಡ್ಡಿಗಳಲ್ಲಿ ಎಲೆಯೇ ಇರುವುದಿಲ್ಲ, ಬರೀ ನಡುನರ ಉಳಿದಿರುತ್ತದೆ. “ಹುಳ ಬಿದ್ದಿದೆ, ಔಷಧಿ ಹೊಡೆಯಬೇಕು” ಎಂದು ದೊಡ್ಡವರು ಹೇಳಬಹುದು. ಎರಡು ದಿನ ತಡೆಯಲು ಹೇಳಿ. ಕಳ್ಳ ಯಾರೆಂದು ಮೊದಲು ನೋಡೋಣ.

ಬಿಸಿಲೇರುವ ಹೊತ್ತಿನಲ್ಲಿ ಗಿಡದ ಬಳಿ ಸುಮ್ಮನೆ ನಿಲ್ಲಿ. ಕಪ್ಪು ಬಣ್ಣದ ದೊಡ್ಡ ಚಿಟ್ಟೆಯೊಂದು ಬಂದು, ಹೂವೇ ಇಲ್ಲದ ಗಿಡದ ಸುತ್ತ ಸುಳಿದಾಡುವುದನ್ನು ಕಾಣಬಹುದು. ಅದು ಎಲೆಯ ಮೇಲೆ ಕ್ಷಣಕಾಲ ಕುಳಿತು, ಎದ್ದು, ಇನ್ನೊಂದು ಎಲೆಗೆ ಹೋಗುತ್ತದೆ. ಅದು ಮಕರಂದ ಹುಡುಕುತ್ತಿಲ್ಲ, ಮೊಟ್ಟೆ ಇಡಲು ಜಾಗ ಹುಡುಕುತ್ತಿದೆ. ಚಿಟ್ಟೆ ತನ್ನ ಮುಂಗಾಲುಗಳಿಂದ ಎಲೆಯ ರುಚಿ ನೋಡಬಲ್ಲದು! ನಾವು ಚಪ್ಪಲಿ ಬಿಟ್ಟು ಸಾರಿನಲ್ಲಿ ಕಾಲಿಟ್ಟು ಉಪ್ಪು ನೋಡಿದ ಹಾಗೆ.

ಈಗ ಒಂದು ಕರಿಬೇವಿನ ಎಲೆಯನ್ನು ಕಿತ್ತು ಬೆಳಕಿಗೆ ಹಿಡಿದು ನೋಡಿ. ಸೂಜಿಯಿಂದ ಚುಚ್ಚಿದಂತೆ ಸಣ್ಣ ಸಣ್ಣ ಚುಕ್ಕೆಗಳು ಕಾಣುತ್ತವೆ. ಅವು ಎಣ್ಣೆಯ ಚೀಲಗಳು. ಎಲೆಯ ಘಮ ಬರುವುದು ಅವುಗಳಿಂದಲೇ. ನಿಂಬೆಯ ಎಲೆಯಲ್ಲೂ ಇಂಥ ಚುಕ್ಕೆಗಳಿವೆ. ಕರಿಬೇವು, ನಿಂಬೆ, ಬಿಲ್ವ ಎಲ್ಲವೂ ಒಂದೇ ಸಸ್ಯ ಕುಟುಂಬಕ್ಕೆ ಸೇರಿದವು. ಹಾಗಾಗಿಯೇ ಕರಿಬೇವಿಗೆ ಬರುವ ಚಿಟ್ಟೆ ನಿಂಬೆ ಗಿಡಕ್ಕೂ ಬರುತ್ತದೆ. ನಮ್ಮ ಕಡೆ ಹೆಚ್ಚಾಗಿ ಕಾಣುವುದು ಎರಡು ಜಾತಿ. ಹಿಂದಿನ ರೆಕ್ಕೆಯಲ್ಲಿ ಬಾಲವಿರುವುದು ಕಾಮನ್ ಮಾರ್ಮನ್. ಬಾಲವಿಲ್ಲದೆ, ಕಪ್ಪು ರೆಕ್ಕೆಯ ತುಂಬ ಹಳದಿ ಮಚ್ಚೆಗಳಿರುವುದು ನಿಂಬೆ ಚಿಟ್ಟೆ.

ಚಿಟ್ಟೆ ಹೋದ ಮೇಲೆ ಎಳೆಯ ಎಲೆಗಳನ್ನು ಪರೀಕ್ಷಿಸಿ. ರಾಗಿ ಕಾಳಿನಷ್ಟು ಗಾತ್ರದ, ತಿಳಿ ಹಳದಿ ಬಣ್ಣದ ಗುಂಡನೆಯ ಮೊಟ್ಟೆ ಸಿಗಬಹುದು. ಸುಮಾರು 3-4 ದಿನಗಳಲ್ಲಿ ಅದು ಒಡೆಯುತ್ತದೆ. ಹೊರಬಂದ ಮರಿ ಮೊದಲು ತಿನ್ನುವುದು ತನ್ನ ಮೊಟ್ಟೆಯ ಸಿಪ್ಪೆಯನ್ನೇ. ಆಮೇಲೆ ಎಲೆಗೆ ಬಾಯಿ ಹಾಕುತ್ತದೆ.

ಈ ಮರಿಯನ್ನು ನೀವು ಎಷ್ಟೋ ಸಲ ನೋಡಿರುತ್ತೀರಿ, ಆದರೆ ಹುಳುವೆಂದು ತಿಳಿದಿರುವುದಿಲ್ಲ. ಎಲೆಯ ನಟ್ಟನಡುವೆ ಕಂದು-ಬಿಳಿ ಬಣ್ಣದ ಹಕ್ಕಿ ಹಿಕ್ಕೆಯಂತೆ ಬಿದ್ದಿರುತ್ತದೆ. ಹಿಕ್ಕೆಯನ್ನು ಯಾವ ಹಕ್ಕಿ ತಾನೇ ತಿಂದೀತು? ಮುಂದಿನ ಸಲ ಎಲೆಯ ಮೇಲೆ ಹಿಕ್ಕೆ ಕಂಡರೆ ಮುಖ ತಿರುಗಿಸಬೇಡಿ. ಸ್ವಲ್ಪ ಹೊತ್ತು ನೋಡಿ, ಅದು ನಡೆಯಲೂಬಹುದು.

ಹುಳು ತಿಂದು ತಿಂದು ದಪ್ಪಗಾಗುತ್ತದೆ, ಆದರೆ ಅದರ ಚರ್ಮ ಹಿಗ್ಗುವುದು ಸ್ವಲ್ಪವೇ. ಚರ್ಮ ಬಿಗಿಯಾದಾಗ ಅದನ್ನು ಕಳಚಿ ಹೊಸದನ್ನು ತೊಡುತ್ತದೆ. ಹೀಗೆ 4 ಸಲ ಚರ್ಮ ಕಳಚುವ ಹೊತ್ತಿಗೆ ವೇಷ ಪೂರ್ತಿ ಬದಲಾಗಿರುತ್ತದೆ. ಈಗ ಅದು ಎಲೆಯಷ್ಟೇ ಹಸಿರು, ನಿಮ್ಮ ಕಿರುಬೆರಳಿನಷ್ಟು ಉದ್ದ. ಮುಂಭಾಗದಲ್ಲಿ ಎರಡು ಕಣ್ಣುಗಳು ಕಾಣುತ್ತವೆ. ಅವು ಕಣ್ಣುಗಳಲ್ಲ, ಬರೀ ಮಚ್ಚೆಗಳು! ನಿಜವಾದ ಕಣ್ಣುಗಳು ಮುಂದೆ ಬಗ್ಗಿಸಿಕೊಂಡಿರುವ ಪುಟ್ಟ ತಲೆಯಲ್ಲಿವೆ, ಬರಿಗಣ್ಣಿಗೆ ಕಾಣುವುದೇ ಕಷ್ಟ.

ಅದನ್ನು ಹುಲ್ಲಿನ ಕಡ್ಡಿಯಿಂದ ಮೆಲ್ಲಗೆ ಮುಟ್ಟಿ. ತಲೆಯ ಹಿಂದಿನಿಂದ ಕೆಂಪು ಅಥವಾ ಕಿತ್ತಳೆ ಬಣ್ಣದ, ಎರಡು ಕವಲಿನ ಕೊಂಬು ಥಟ್ಟನೆ ಹೊರಬರುತ್ತದೆ. ಜೊತೆಗೇ ಗಾಟು ವಾಸನೆ. ಇರುವೆಗಳು ಈ ವಾಸನೆಗೆ ಹಿಂದೆ ಸರಿಯುತ್ತವೆ. ಒಂದು ಸಲ ನೋಡಿದರೆ ಸಾಕು, ಪದೇ ಪದೇ ಕೆಣಕಬೇಡಿ. ಇದರ ಮೈಮೇಲೆ ರೋಮವಿಲ್ಲ, ಮುಟ್ಟಿದರೆ ತುರಿಕೆಯಾಗದು. ಆದರೆ ರೋಮವಿರುವ ಕಂಬಳಿಹುಳುಗಳನ್ನು ಮಾತ್ರ ಮುಟ್ಟಲೇಬಾರದು.

ಇನ್ನು ಔಷಧಿಯ ವಿಷಯ. ಗಿಡ ದೊಡ್ಡದಾಗಿದ್ದರೆ ನಾಲ್ಕಾರು ಹುಳುಗಳಿಂದ ಏನೂ ಆಗದು. ತಿಂದ ಕಡೆ ಮತ್ತೆ ಚಿಗುರು ಬರುತ್ತದೆ. ಮೊಣಕಾಲೆತ್ತರದ ಗಿಡವಾದರೆ ಅಮ್ಮನ ಕೋಪ ನ್ಯಾಯವೇ. ಎರಡು ಹುಳುಗಳು ವಾರದೊಳಗೆ ಅದನ್ನು ಬೋಳಿಸಬಲ್ಲವು. ಆಗ ಹುಳುವಿರುವ ಎಲೆಯನ್ನೇ ಕಿತ್ತು ಬೇರೊಂದು ದೊಡ್ಡ ಕರಿಬೇವಿನ ಗಿಡದ ಮೇಲಿಡಿ, ಅದು ತಾನೇ ಹತ್ತಿಕೊಳ್ಳುತ್ತದೆ. ವಿಷ ಸಿಂಪಡಿಸಿದರೆ ಮಾತ್ರ ಅದೇ ಎಲೆ ನಾಳೆ ನಮ್ಮ ಸಾರಿಗೂ ಬೀಳುತ್ತದೆ. ಹುಳು ಎಲ್ಲವೂ ಬದುಕಿಬಿಡುತ್ತದೆ ಎಂಬ ಭಯವೂ ಬೇಡ. ಮೊಟ್ಟೆಯೊಳಗೇ ತನ್ನ ಮೊಟ್ಟೆಯಿಡುವ ಅತಿ ಚಿಕ್ಕ ಕಣಜಗಳಿವೆ. ಜೇಡಗಳಿವೆ. ಮರಿಗಳಿಗೆ ಗುಟುಕು ಒಯ್ಯಲು ಬರುವ ಸಿಂಪಿಗ ಹಕ್ಕಿಯಿದೆ.

2-3 ವಾರ ತಿಂದ ಹುಳು ಒಂದು ದಿನ ಊಟ ನಿಲ್ಲಿಸುತ್ತದೆ. ಕಡ್ಡಿಗೋ, ಹತ್ತಿರದ ಗೋಡೆಗೋ ಹೋಗಿ, ಬಾಲದ ತುದಿಯನ್ನು ಅಂಟಿಸಿ, ಸೊಂಟಕ್ಕೊಂದು ರೇಷ್ಮೆಯ ದಾರ ಕಟ್ಟಿಕೊಂಡು ಒರಗುತ್ತದೆ. ತೆಂಗಿನ ಮರ ಹತ್ತುವವರು ಹಗ್ಗ ಕಟ್ಟಿಕೊಂಡಂತೆ. ಮತ್ತೊಮ್ಮೆ ಚರ್ಮ ಕಳಚಿದರೆ ಅದು ಕೋಶ. ಹಸಿರು ಎಲೆಗಳ ನಡುವೆ ಕೋಶ ಸಾಮಾನ್ಯವಾಗಿ ಹಸಿರು, ಒಣ ಕಡ್ಡಿಯ ಮೇಲೆ ಕಂದು.

ನಾನೊಮ್ಮೆ ಇಂಥ ಕೋಶವನ್ನು ಬಾಟಲಿಯಲ್ಲಿಟ್ಟು, ಬಾಯಿಗೆ ತೆಳುಬಟ್ಟೆ ಕಟ್ಟಿ ದಿನವೂ ಕಾಯುತ್ತಿದ್ದೆ. ಹತ್ತು ದಿನ ಕಳೆಯಿತು, ಹದಿನೈದು ಕಳೆಯಿತು. ಒಂದು ಬೆಳಿಗ್ಗೆ ನೋಡಿದರೆ ಚಿಟ್ಟೆಯಿಲ್ಲ! ಕೋಶದಲ್ಲಿ ಗುಂಡುಸೂಜಿಯಷ್ಟು ತೂತು, ಬಾಟಲಿಯ ತುಂಬ ಹತ್ತಾರು ಪುಟ್ಟ ಕಣಜಗಳು. ತಾಯಿ ಕಣಜ ನನಗಿಂತ ಮೊದಲೇ ಕೋಶವನ್ನು ಕಂಡಿತ್ತು. ಆ ದಿನ ಬೇಸರವಾಯಿತು. ಕಣಜಗಳನ್ನೂ ಹಿತ್ತಲಿಗೇ ಬಿಟ್ಟೆ, ಅವೂ ಅಲ್ಲಿನವೇ ತಾನೇ.

ನಿಮ್ಮ ಕೋಶದಿಂದ ಚಿಟ್ಟೆಯೇ ಬರುವುದಾದರೆ 10-12 ದಿನ ಸಾಕು. ಹಿಂದಿನ ದಿನ ಕೋಶ ಕಪ್ಪಾಗಿ, ಒಳಗಿನ ರೆಕ್ಕೆಯ ಬಣ್ಣ ಕಾಣತೊಡಗುತ್ತದೆ. ಮರುದಿನ ಬೆಳಿಗ್ಗೆ ಬೇಗ ಏಳಿ. ಹೊರಬಂದ ಚಿಟ್ಟೆಯ ರೆಕ್ಕೆ ಒದ್ದೆ ಬಟ್ಟೆಯಂತೆ ಮುದುಡಿರುತ್ತದೆ. ಅದು ಮೈಯ ದ್ರವವನ್ನು ರೆಕ್ಕೆಯ ನರಗಳಿಗೆ ತಳ್ಳಿದಂತೆ ರೆಕ್ಕೆ ಬಿಚ್ಚಿಕೊಳ್ಳುತ್ತದೆ. ಆಗ ನೆರವಾಗಲು ಹೋಗಿ ಮುಟ್ಟಿದರೆ ರೆಕ್ಕೆ ಸೊಟ್ಟಗಾಗಿ, ಅದು ಎಂದೂ ಹಾರದು. ದೂರ ಕುಳಿತು ನೋಡಿ. ಒಂದೆರಡು ಗಂಟೆಯ ನಂತರ ಅದು ಎರಡು ಸಲ ರೆಕ್ಕೆ ಬಡಿದು, ಬೇಲಿಯ ದಾಸವಾಳದ ಮೇಲೆ ಹಾಯ್ದು ಹೋಗುತ್ತದೆ.