ಕ್ಯಾಂಪರ್‌ವ್ಯಾನ್ ತಂಗುದಾಣಕ್ಕೆ ಹೊಲದ ಆಯ್ಕೆ

ವ್ಯವಸಾಯದ ಜೊತೆಗೆ ಉಪಕಸುಬೊಂದನ್ನು ಅನುಸರಿಸಿದಲ್ಲಿ ರೈತನ ವರಮಾನ ಒಂದೇ ಬೆಳೆಯ ಮೇಲೆ ನಿಲ್ಲುವುದಿಲ್ಲ. ಪ್ರವಾಸಿಗರಿಗೆ ಹೊಲದಲ್ಲಿ ತಂಗಲು ಜಾಗ ಕೊಡುವುದೂ ಅಂತಹ ಒಂದು ಉಪಕಸುಬು. ಇಂಗ್ಲೆಂಡಿನ ವಾಯುವ್ಯ ಭಾಗದಲ್ಲಿರುವ ಲೇಕ್ ಡಿಸ್ಟ್ರಿಕ್ಟ್, ಅಂದರೆ ಸರೋವರಗಳ ಸೀಮೆ, ಇದಕ್ಕೆ ಒಳ್ಳೆಯ ಉದಾಹರಣೆ. 1951ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಈ ಗುಡ್ಡಗಾಡು 2017ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಇಲ್ಲಿಯ ರೈತರ ಮುಖ್ಯ ಕಸುಬು ಕುರಿ ಸಾಕಣೆ. ಹಿಡುವಳಿಯ ವಿಸ್ತೀರ್ಣವನ್ನು ನೋಡಿ ಕೊಡುತ್ತಿದ್ದ ಸಹಾಯಧನವನ್ನು ಇಂಗ್ಲೆಂಡಿನಲ್ಲಿ 2021ರಿಂದ ಹಂತಹಂತವಾಗಿ ಕಡಿತಗೊಳಿಸಲಾಗಿದೆ. ಆದುದರಿಂದ ಅಲ್ಲಿಯ ರೈತರಿಗೆ ಪ್ರವಾಸಿಗರಿಂದ ಬರುವ ಬಾಡಿಗೆ ಮುಖ್ಯವಾಗುತ್ತಿದೆ.

ಕ್ಯಾಂಪರ್‌ವ್ಯಾನ್ ಎಂದರೆ ಮಲಗುವ ಹಾಸಿಗೆ, ಸಣ್ಣ ಒಲೆ, ನೀರಿನ ತೊಟ್ಟಿ ಮತ್ತು ಅನೇಕ ವೇಳೆ ಶೌಚದ ಡಬ್ಬಿಯನ್ನೂ ಒಳಗೊಂಡ ಮೋಟಾರು ವಾಹನ. ಇದನ್ನು ನಿಲ್ಲಿಸಲು ಯಾವ ಜಾಗ ಯೋಗ್ಯ? ಪ್ರವಾಸಿಯ ಕಣ್ಣು ಹಳ್ಳದ ದಂಡೆಯ ಸಮತಟ್ಟಾದ ಹಸುರು ಹುಲ್ಲಿನ ಮೇಲೆ ಬೀಳುತ್ತದೆ. ಆದರೆ ಬೆಳೆಗೆ ಹೊಲ ಆರಿಸುವಾಗ ನಾವು ನೋಡುವ ನೀರು, ಮಣ್ಣು ಮತ್ತು ಇಳಿಜಾರುಗಳನ್ನೇ ಇಲ್ಲಿಯೂ ಮೊದಲು ನೋಡಬೇಕು. ನೋಟದ ಚೆಲುವನ್ನು ಅನಂತರ ಗಣನೆಗೆ ತೆಗೆದುಕೊಳ್ಳಬಹುದು.

ನೀರಿನ ದಾರಿ

ಈ ಸೀಮೆಯ ಸೀತ್‌ವೇಟ್ ಎಂಬ ಹಳ್ಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. 2009ರ ನವೆಂಬರಿನಲ್ಲಿ ಇಲ್ಲಿ 24 ಗಂಟೆಗಳಲ್ಲಿ 316.4 ಮಿ.ಮೀ. ಮಳೆಯಾಗಿ ಕಾಕರ್‌ಮತ್ ಪಟ್ಟಣ ಜಲಾವೃತವಾಯಿತು. 2015ರ ಡಿಸೆಂಬರಿನಲ್ಲಿ ಹಾನಿಸ್ಟರ್ ಕಣಿವೆದಾರಿಯಲ್ಲಿ 24 ಗಂಟೆಗಳಲ್ಲಿ 341.4 ಮಿ.ಮೀ. ಮಳೆ ದಾಖಲಾಯಿತು. ಅಂದರೆ ಎಕರೆಯೊಂದರ ಮೇಲೆ ಸುಮಾರು 13.8 ಲಕ್ಷ ಲೀಟರ್ ನೀರು. ನಮ್ಮ ಬಯಲುಸೀಮೆಯ ಎಷ್ಟೋ ತಾಲ್ಲೂಕುಗಳ ಇಡೀ ವರ್ಷದ ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇಲ್ಲಿ ಒಂದೇ ದಿನ ಸುರಿಯಿತು.

ಗುಡ್ಡಗಳು ಕಡಿದಾಗಿದ್ದು, ಮೇಲ್ಮಣ್ಣಿನ ಪದರ ತೆಳುವಾಗಿರುವುದರಿಂದ ಈ ನೀರು ಕೆಲವೇ ಗಂಟೆಗಳಲ್ಲಿ ಕಣಿವೆಗೆ ಇಳಿಯುತ್ತದೆ. ಹಳ್ಳದ ಪಕ್ಕದ ನೆಲ ಸಮತಟ್ಟಾಗಿರುವುದಕ್ಕೆ ಕಾರಣ, ಹಿಂದಿನ ಪ್ರವಾಹಗಳು ಅಲ್ಲಿ ಮೆಕ್ಕಲು ತಂದು ಹಾಸಿರುವುದೇ. ಮೆಕ್ಕಲು ಇರುವಲ್ಲಿಗೆ ಪ್ರವಾಹ ಮತ್ತೊಮ್ಮೆ ಬರುತ್ತದೆ. ರಾತ್ರಿ ಮಲಗಿರುವ ಜನರಿಗೆ ಹಳ್ಳ ಏರುವುದು ತಿಳಿಯುವುದಿಲ್ಲ. ಬೇಲಿಯ ತಂತಿಗೆ ಮತ್ತು ಪೊದೆಗಳಿಗೆ ಸಿಕ್ಕಿಕೊಂಡ ಕಸಕಡ್ಡಿಗಳ ಎತ್ತರವನ್ನು ನೋಡಿ ಹಿಂದಿನ ಪ್ರವಾಹದ ಮಟ್ಟ ಗುರುತಿಸಬೇಕು. ವಾಹನಗಳ ಜಾಗವು ಆ ಮಟ್ಟಕ್ಕಿಂತ ಮೇಲಿರಬೇಕು. ಹೊರಹೋಗುವ ದಾರಿಯೂ ಹಳ್ಳವನ್ನು ದಾಟುವಂತಿರಬಾರದು.

ಮಣ್ಣು ಮತ್ತು ಭಾರ

ಅಲ್ಲಿ ಸಾಮಾನ್ಯ ಕಾರಿನ ಪರವಾನಗಿಯಿಂದ ಓಡಿಸಬಹುದಾದ ಕ್ಯಾಂಪರ್‌ವ್ಯಾನಿನ ಭಾರ 3.5 ಟನ್‌ವರೆಗೂ ಇರಬಹುದು. ಒಂದೊಂದು ಚಕ್ರದ ಮೇಲೆ ಸುಮಾರು 9 ಕ್ವಿಂಟಾಲ್ ಬಿದ್ದಂತಾಯಿತು. ಒಣಗಿದ ನೆಲ ಇದನ್ನು ತಡೆದುಕೊಳ್ಳುತ್ತದೆ. ಒದ್ದೆಯಾದ ಜೇಡಿಮಣ್ಣಿನಲ್ಲಾದರೋ ಕಣಗಳ ನಡುವಿನ ಗಾಳಿಯ ರಂಧ್ರಗಳು ಮುಚ್ಚಿಹೋಗುತ್ತವೆ. ಬೇರುಗಳಿಗೆ ಉಸಿರಾಟ ಕಷ್ಟವಾಗುತ್ತದೆ. ಚಕ್ರದ ಜಾಡಿನಲ್ಲಿ ನೀರು ನಿಂತು, ಒಳ್ಳೆಯ ಹುಲ್ಲು ಹೋಗಿ ಜೊಂಡು ಹುಟ್ಟುತ್ತದೆ.

ಹೊಲದಲ್ಲಿ ಮೊದಲೇ ಜೊಂಡು ಇದ್ದರೆ ಅಲ್ಲಿ ನೀರು ಬಸಿಯುವುದಿಲ್ಲವೆಂದು ತಿಳಿಯಬೇಕು. ಇನ್ನೊಂದು ಪರೀಕ್ಷೆಯೂ ಸುಲಭ. ಒಂದೂವರೆ ಅಡಿ ಆಳದ ಗುಂಡಿ ತೋಡಿ ನೀರು ತುಂಬಬೇಕು. ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿ ಗಮನಿಸಬೇಕು. ಮರುದಿನವೂ ನೀರು ನಿಂತಿದ್ದರೆ ಆ ಹೊಲ ವಾಹನಗಳಿಗೆ ತಕ್ಕದ್ದಲ್ಲ. ಗೇಟಿನ ಬಳಿ ಓಡಾಟ ಹೆಚ್ಚಾದ್ದರಿಂದ ಅಲ್ಲಿ ಜಲ್ಲಿ ಹಾಸುವುದು ಅಗತ್ಯ. ನಿಲ್ಲುವ ಜಾಗಗಳನ್ನು ಆಗಾಗ ಬದಲಿಸಿ ಹುಲ್ಲಿಗೆ ವಿಶ್ರಾಂತಿ ಕೊಡಬೇಕು.

ಇಳಿಜಾರು, ಗಾಳಿ ಮತ್ತು ಮರ

ನೂರು ಅಡಿಗೆ ಎರಡು ಅಡಿಯಷ್ಟು ಇಳಿಜಾರು ಉತ್ತಮ. ನೀರು ಹರಿದುಹೋಗುತ್ತದೆ, ಮಲಗುವವರಿಗೂ ತೊಂದರೆಯಿಲ್ಲ. ಇಲ್ಲಿ ಹೆಚ್ಚಾಗಿ ನೈರುತ್ಯದ ಗಾಳಿ ಬೀಸುವುದರಿಂದ ಆ ದಿಕ್ಕಿಗೆ ಕಲ್ಲಿನ ಗೋಡೆ ಇದ್ದರೆ ಒಳ್ಳೆಯ ಗಾಳಿಮರೆಯಾಗುತ್ತದೆ. ಆದರೆ ಆಶ್ ಮರದ ಕೆಳಗೆ ವಾಹನ ನಿಲ್ಲಿಸಬಾರದು. 2012ರಲ್ಲಿ ಬ್ರಿಟನ್ನಿನಲ್ಲಿ ಪತ್ತೆಯಾದ ಶಿಲೀಂಧ್ರ ರೋಗವೊಂದು ಈ ಮರಗಳನ್ನು ಒಣಗಿಸುತ್ತಿದ್ದು, ಕೊಂಬೆಗಳು ಮುರಿದು ಬೀಳುತ್ತವೆ. ಬೆಂಕಿಯ ಭಯ ತಪ್ಪಿಸಲು ವಾಹನದಿಂದ ವಾಹನಕ್ಕೆ ಕನಿಷ್ಠ 6 ಮೀಟರ್ ಅಂತರವಿರಬೇಕು.

ಹೊಲದ ಜೊತೆಗೆ ಅಲ್ಲಿಗೆ ಬರುವ ದಾರಿಯನ್ನೂ ನೋಡಬೇಕು. ಹಾರ್ಡ್‌ನಾಟ್ ಕಣಿವೆದಾರಿಯಲ್ಲಿ ಕೆಲವೆಡೆ 3 ಅಡಿ ಮುಂದೆ ಹೋಗುವಷ್ಟರಲ್ಲಿ 1 ಅಡಿ ಏರಬೇಕಾಗುತ್ತದೆ. ಇಂತಹ ಏರಿನ ಆಚೆಗಿರುವ ಹೊಲ ಎಷ್ಟೇ ಚೆನ್ನಾಗಿದ್ದರೂ ದೊಡ್ಡ ವಾಹನಗಳಿಗೆ ಪ್ರಯೋಜನವಿಲ್ಲ.

ಕೊಳಕು ನೀರಿನ ವಿಲೇವಾರಿ

ವಿಂಡರ್‌ಮಿಯರ್ ಸರೋವರದಲ್ಲಿ ಬೇಸಿಗೆಯಲ್ಲಿ ನೀಲಿ-ಹಸುರು ಪಾಚಿ ಬೆಳೆಯುವುದುಂಟು. ಕೊಳಚೆಯಿಂದ ಬರುವ ರಂಜಕವೇ ಇದಕ್ಕೆ ಮುಖ್ಯ ಪೋಷಕ. ಆದುದರಿಂದ ಪಾತ್ರೆ ತೊಳೆದ ನೀರನ್ನೂ ಹಳ್ಳಕ್ಕೆ ಬಿಡಬಾರದು. ಶೌಚದ ಡಬ್ಬಿಗೆ ಹಾಕುವ ಕೆಲವು ರಾಸಾಯನಿಕಗಳು ಸೆಪ್ಟಿಕ್ ಟ್ಯಾಂಕಿನಲ್ಲಿ ಮಲವನ್ನು ಕರಗಿಸುವ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ. ಇದಕ್ಕೆ ಬೇರೆಯೇ ತೊಟ್ಟಿ ಬೇಕು. ಬಾವಿ ಅಥವಾ ಒರತೆಯಿಂದ 50 ಮೀಟರಿನೊಳಗೆ ಇದನ್ನು ಕಟ್ಟಬಾರದು.

ಎಷ್ಟು ವಾಹನ, ಎಷ್ಟು ದಿನ?

1960ರ ಕಾಯ್ದೆಯಂತೆ, ಮಾನ್ಯತೆ ಪಡೆದ ಸಂಘಗಳ ಪ್ರಮಾಣಪತ್ರವಿರುವ ಹೊಲದಲ್ಲಿ ಸದಸ್ಯರ 5 ವಾಹನಗಳವರೆಗೆ ನಿಲ್ಲಿಸಬಹುದು. 2023ರ ಜುಲೈನಿಂದ ಇನ್ನೊಂದು ಅವಕಾಶವೂ ಇದೆ. ಪ್ರತ್ಯೇಕ ಯೋಜನಾ ಅನುಮತಿಯಿಲ್ಲದೆ, ವರ್ಷಕ್ಕೆ 60 ದಿನ, ಡೇರೆ ಮತ್ತು ಕ್ಯಾಂಪರ್‌ವ್ಯಾನ್‌ಗಳಿಗೆ 50 ಜಾಗಗಳವರೆಗೆ ಕೊಡಬಹುದು. ಸ್ಥಳೀಯ ಪ್ರಾಧಿಕಾರಕ್ಕೆ ಮುಂಚಿತವಾಗಿ ತಿಳಿಸಬೇಕು. ಶೌಚ ಮತ್ತು ಕಸದ ವ್ಯವಸ್ಥೆ ಕಡ್ಡಾಯ. ಪ್ರವಾಹ ವಲಯದ ಹೊಲಗಳಿಗೆ ಮುಂಚಿತ ಒಪ್ಪಿಗೆಯೂ ಬೇಕು.

ಐವತ್ತಕ್ಕೆ ಅವಕಾಶವಿದೆಯೆಂದು ಐವತ್ತನ್ನೂ ತುಂಬಿಸುವುದು ಜಾಣತನವಲ್ಲ. ಗುಡ್ಡದ ರೈತನಿಗೆ ಮನೆಯ ಸುತ್ತ ಗೋಡೆ ಹಾಕಿದ ಕೆಲವೇ ಹೊಲಗಳು ಚಳಿಗಾಲದ ಮೇವಿಗೆ ಆಧಾರ. ಒಣಹುಲ್ಲಿನ ಕೊಯ್ಲು ಜುಲೈ ಸುಮಾರಿಗೆ ಬರುತ್ತದೆ, ಪ್ರವಾಸಿಗರ ದಟ್ಟಣೆಯೂ ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲೇ. ಕೊಯ್ಲಿಗೆ ಮುಂಚೆ ವಾಹನ ಬಿಟ್ಟರೆ ಹುಲ್ಲು ತುಳಿತಕ್ಕೆ ಹೋಗುತ್ತದೆ, ಅನಂತರ ಮೇವನ್ನು ಕೊಂಡು ತರಬೇಕಾಗುತ್ತದೆ. ಆದುದರಿಂದ ಬಾಡಿಗೆಯ ಹಣದಲ್ಲಿ ಮೇವಿನ ಬೆಲೆ, ಜಲ್ಲಿ, ತೊಟ್ಟಿ ಮತ್ತು ಹುಲ್ಲಿನ ಮರುಬಿತ್ತನೆಯ ಖರ್ಚನ್ನು ಕಳೆದು ಉಳಿದದ್ದನ್ನು ಮಾತ್ರ ಲಾಭವೆಂದು ಎಣಿಸಬೇಕು. ಕುರಿಗಳು ಮರಿ ಹಾಕುವ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ನಾಯಿಗಳನ್ನು ತರುವ ಪ್ರವಾಸಿಗರಿಗೆ ಕುರಿ ಹೊಲದ ಪಕ್ಕದಲ್ಲಿ ಜಾಗ ಕೊಡದಿರುವುದು ಒಳಿತು.

ನಮ್ಮ ಮಲೆನಾಡಿನ ರೈತರಿಗೆ

ನಮ್ಮಲ್ಲಿಯೂ ಕೊಡಗು, ಚಿಕ್ಕಮಗಳೂರು ಕಡೆಗಳಲ್ಲಿ ತೋಟದಲ್ಲಿ ಪ್ರವಾಸಿಗರಿಗೆ ಆಶ್ರಯ ಕೊಡುವ ರೈತರಿದ್ದಾರೆ. ವಾಹನಗಳಿಗೆ ಜಾಗ ಮಾಡಬೇಕೆನ್ನುವವರು ಇಳಿಜಾರನ್ನು ಕಡಿದು ಸಮ ಮಾಡಲು ಹೋಗಬಾರದು. ಬುಡ ಕಡಿದ ಗುಡ್ಡಕ್ಕೆ ಮಳೆನೀರು ಇಳಿದರೆ ಮಣ್ಣು ಜಾರುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಾದ ಭೂಕುಸಿತಗಳನ್ನು ಯಾರೂ ಮರೆತಿಲ್ಲ. ಗದ್ದೆಯ ಬಯಲು ಸಮತಟ್ಟಾಗಿದ್ದರೂ ನೀರು ನಿಲ್ಲುವ ನೆಲ, ವಾಹನಗಳಿಗೆ ಸಲ್ಲದು. ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸುವ ಮೊದಲು 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯಂತೆ ಬೇಕಾಗುವ ಅನುಮತಿಯನ್ನು ಕಂದಾಯ ಇಲಾಖೆಯಲ್ಲಿ ವಿಚಾರಿಸಬೇಕು.

ಜಾಗವನ್ನು ಬೇಸಿಗೆಯಲ್ಲಿ ನೋಡಿ ನಿರ್ಧರಿಸದೆ, ಆಷಾಢದ ಜಡಿಮಳೆಯಲ್ಲಿ ಕೊಡೆ ಹಿಡಿದು ಹೊಲವನ್ನು ಒಮ್ಮೆ ಸುತ್ತಿ ಬರಬೇಕು. ನೀರು ಹರಿಯುವ ಮತ್ತು ನಿಲ್ಲುವ ಕಡೆಗಳಲ್ಲಿ ಗೂಟ ನೆಡಬೇಕು. ಮಳೆ ನಿಂತ ಮೇಲೆ, ಆ ಗೂಟಗಳನ್ನು ಬಿಟ್ಟು ಉಳಿದ ನೆಲದಲ್ಲಿ ಮಾತ್ರ ಜಾಗವನ್ನು ಗುರುತಿಸಿಕೊಳ್ಳಬೇಕು.